ಬೊಳ್ಳಿಯ ಹಟ್ಟಿಯಲ್ಲೊಂದು ಬಾರ್

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡುಕನಲ್ಲ. ಹಾಗೆ ಹೇಳಿಕೊಳ್ಳುವವರನ್ನು ಯಾರೂ ನಂಬುವುದಿಲ್ಲವೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಅರ್ಧ ಗ್ಲಾಸು ಬಿಯರ್ ಒಳಗೆ ಹೋದರೆ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ, ಅದರ ಹಿಂದೆಯೇ ನಿದ್ದೆ ಬರುತ್ತದೆ. ನಡುವೆ ಅಮಲೇರುವುದಕ್ಕೆ ಸಮಯವೇ ಸಿಗುವುದಿಲ್ಲ. ಹಾಗಿದ್ದರೂ ಹಿರಿಯಡ್ಕದ ನಮ್ಮ ಮನೆಯ ಹಟ್ಟಿಯಲ್ಲಿ, ದನ ಕಟ್ಟುತ್ತಿದ್ದ ಜಾಗದಲ್ಲೇ, ನಾನೊಂದು ಬಾರ್ ಕಟ್ಟಿಸಿದೆ. ಕುಡಿಯುವ ಆಸೆ ಬೇರೆ, ಬಾರಿನಲ್ಲಿ ಕೂರುವ ಆಸೆ ಬೇರೆ. ಮೊದಲನೆಯದಕ್ಕೆ ಬೇಕಾದಷ್ಟು ಔಷಧಿಗಳಿವೆ ಎನ್ನುತ್ತಾರೆ. ಎರಡನೆಯದಕ್ಕೆ ಬಾರ್ ಒಂದೇ ಔಷಧಿ.

ಈ ಆಸೆ ಹುಟ್ಟಿದ್ದು ಮಣಿಪಾಲದಲ್ಲಿ. ಅಲ್ಲಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಬಹುಕಾಲದಿಂದ ಸಹಾಯಕ. ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯೆಂದು ನಮ್ಮನ್ನೆಲ್ಲ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ಊಟದ ಹಾಲಿಗೆ ಹೋಗುವ ದಾರಿಯಲ್ಲಿ ಬಾರ್ ಇತ್ತು. ಉದ್ದನೆಯ ಮರದ ಕಟ್ಟೆ, ಅದರ ಮುಂದೆ ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಸ್ಟೂಲುಗಳು, ಹಿಂದಿನ ಗೋಡೆಯಲ್ಲಿ ಸಾಲುಸಾಲು ಬಾಟಲಿಗಳು. ಎಲ್ಲಿಂದಲೋ ಬರುತ್ತಿದ್ದ ಬೆಳಕು ಅವುಗಳನ್ನು ಹಾದು ಜೇನಿನ ಬಣ್ಣಕ್ಕೆ ತಿರುಗಿ ಕಟ್ಟೆಯ ಮೇಲೆ ಬಿದ್ದಿತ್ತು. ಒಬ್ಬನೇ ಒಬ್ಬ ಮನುಷ್ಯ ಅಲ್ಲಿ ಕುಳಿತಿದ್ದ. ಅವನು ಕುಡಿಯುತ್ತಲೂ ಇರಲಿಲ್ಲ, ಫೋನು ನೋಡುತ್ತಲೂ ಇರಲಿಲ್ಲ. ಸುಮ್ಮನೆ ಆ ಬೆಳಕಿನಲ್ಲಿದ್ದ. ನಾನು ಪುಸ್ತಕಗಳ ನಡುವೆ ಇಷ್ಟು ವರ್ಷ ಕಳೆದರೂ ಅಷ್ಟು ನೆಮ್ಮದಿಯಿಂದ ಕುಳಿತವರನ್ನು ನೋಡಿರಲಿಲ್ಲ. ಊಟಕ್ಕೆ ಏನು ಬಡಿಸಿದರೆಂಬುದು ಈಗ ನೆನಪಿಲ್ಲ. ಆ ಸ್ಟೂಲು ಮಾತ್ರ ನನ್ನೊಡನೆ ಮನೆಗೆ ಬಂತು.

ನಮ್ಮ ಹಟ್ಟಿ ಆಗ ಖಾಲಿ ಇತ್ತು. ಅದು ಖಾಲಿಯಾದ ಕತೆಯನ್ನು ನಾನು ಬಹಳ ದಿನ ನನ್ನ ಜಾಣತನದ ಕತೆಯೆಂದೇ ತಿಳಿದಿದ್ದೆ. ನನ್ನ ಹೆಂಡತಿ ಸುಮತಿ ಮಂಡಿಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ಇನ್ನು ಕುಕ್ಕುರುಗಾಲಲ್ಲಿ ಕೂರುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಕುಕ್ಕುರುಗಾಲಲ್ಲಿ ಕೂರದೆ ಹಾಲು ಕರೆಯುವುದು ಹೇಗೆ? ನಾನು ಕೂತು ಯೋಚಿಸಿ, ನಮ್ಮಲ್ಲಿದ್ದ ಒಂದೇ ಒಂದು ದನ ಬೊಳ್ಳಿಯನ್ನು ಟೆಂಪೋ ಹತ್ತಿಸಿ ಕಾಪುವಿನ ನನ್ನ ಅಕ್ಕನ ಮನೆಗೆ ಕಳುಹಿಸಿಬಿಟ್ಟೆ. ಅವರಲ್ಲಿ ಇನ್ನೂ ನಾಲ್ಕು ದನ ಇದ್ದವು, ನೋಡಿಕೊಳ್ಳಲು ಜನವಿತ್ತು. ಸುಮತಿ ಮನೆಗೆ ಬಂದವಳು ವಾಕರ್ ಊರಿಕೊಂಡು ನೇರ ಹಟ್ಟಿಯ ಬಾಗಿಲಿಗೆ ಹೋದಳು. ಬೊಳ್ಳಿ ಎಲ್ಲಿ ಎಂದು ಕೇಳಿದಳು. ನಾನು ಹೇಳಿದೆ. ನಿನ್ನ ಮಂಡಿಗೆ ಆಗುವುದಿಲ್ಲ, ಅಲ್ಲಿ ಅದಕ್ಕೆ ಸುಖವಿದೆ ಎಂದೂ ಸೇರಿಸಿದೆ. “ಹೌದಾ,” ಎಂದಳು, ಒಳಗೆ ಹೋದಳು. ಎಷ್ಟು ಸುಲಭವಾಗಿ ಮುಗಿಯಿತು ಎಂದು ನನಗೆ ನನ್ನ ಬಗ್ಗೆಯೇ ಮೆಚ್ಚುಗೆಯಾಯಿತು. ಆಮೇಲಿನ ಒಂದೂವರೆ ವರ್ಷ ಅವಳು ಹಟ್ಟಿಯ ಕಡೆಗೆ ಹೋಗಲಿಲ್ಲ. ಒಗೆದ ಬಟ್ಟೆ ಒಣಗಿಸಲು ಹಟ್ಟಿಯ ಪಕ್ಕದ ಹಗ್ಗ ಬಿಟ್ಟು ಬಾವಿಕಟ್ಟೆಯನ್ನು ಸುತ್ತಿ ಹೋಗುತ್ತಿದ್ದಳು. ಮಂಡಿಗೆ ವ್ಯಾಯಾಮವಾಗಲಿ ಎಂದು ಹೀಗೆ ಮಾಡುತ್ತಾಳೆ ಎಂದುಕೊಂಡೆ.

ನಾನಾದರೆ ರಜೆಯ ಮಧ್ಯಾಹ್ನಗಳಲ್ಲಿ ಹಟ್ಟಿಯಲ್ಲಿ ಹೋಗಿ ಕೂರತೊಡಗಿದೆ. ಮಾಡಿನಲ್ಲಿ ಒಂದು ಗಾಜಿನ ಹಂಚಿತ್ತು. ಅದರಿಂದ ಇಳಿದ ಬಿಸಿಲಿನ ಕೋಲು ನೆಲದ ಮೇಲೆ ಬಹಳ ನಿಧಾನಕ್ಕೆ ಸರಿಯುತ್ತಿತ್ತು. ಅದರೊಳಗೆ ಧೂಳಿನ ಕಣಗಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ಒಣಹುಲ್ಲಿನ ವಾಸನೆ ಗೋಡೆಗಳಲ್ಲಿ ಇನ್ನೂ ಉಳಿದಿತ್ತು. ಕಣ್ಣು ಅರೆಮುಚ್ಚಿದರೆ ಗೋದಲಿಯ ಮೋಟುಗೋಡೆ ಬಾರಿನ ಕಟ್ಟೆಯಾಗುತ್ತಿತ್ತು, ಗೂಟಗಳು ಸ್ಟೂಲುಗಳಾಗುತ್ತಿದ್ದವು. ನಾನು ಮನಸ್ಸಿನಲ್ಲೇ ಅತಿಥಿಗಳನ್ನು ಕೂರಿಸಿ, ಅವರ ಕಷ್ಟಸುಖ ಕೇಳಿ, ಬೆನ್ನು ತಟ್ಟಿ ಕಳುಹಿಸುತ್ತಿದ್ದೆ. ಸುಮತಿ ಚಹಾಕ್ಕೆ ಕರೆಯುವ ಹೊತ್ತಿಗೆ ಬಿಸಿಲಿನ ಕೋಲು ಬಾಗಿಲು ದಾಟಿರುತ್ತಿತ್ತು.

ಕೊನೆಗೆ ಒಂದು ದಿನ ಧೈರ್ಯ ಮಾಡಿ ಅವಳಿಗೆ ವಿಷಯ ಹೇಳಿದೆ. ಹಟ್ಟಿಯಲ್ಲಿ ಬಾರ್ ಮಾಡುವ ಯೋಚನೆ ಉಂಟು ಎಂದೆ. ಜಗಳಕ್ಕೆ ಬೇಕಾದ ಉತ್ತರಗಳನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದವಳು ತಲೆ ಎತ್ತದೆ, “ಮಾಡಿ,” ಎಂದಳು. ಅಷ್ಟೇ. ಗ್ರಂಥಾಲಯದಲ್ಲಿ ಮೌನ ಕಾಪಾಡುವುದೇ ನನ್ನ ಉದ್ಯೋಗ. ಆದರೆ ಮೌನದಲ್ಲಿ ಎಷ್ಟು ಬಗೆಗಳಿವೆ ಎಂಬುದನ್ನು ಆ ಉದ್ಯೋಗ ಕಲಿಸಿರಲಿಲ್ಲ.

ಕೆಲಸಕ್ಕೆ ಸಿಕ್ಕಿದವನು ನನ್ನ ಶಾಲೆಯ ಗೆಳೆಯ ಹಮೀದ್. ಗಲ್ಫಿನಲ್ಲಿ ಬಹಳ ವರ್ಷ ಹೋಟೆಲುಗಳ ಒಳಾಂಗಣದ ಮರದ ಕೆಲಸ ಮಾಡಿ ಊರಿಗೆ ಬಂದವನು. ಅಲ್ಲಿ ಎಷ್ಟೋ ಬಾರುಗಳನ್ನು ಕಟ್ಟಿದ್ದನಂತೆ, ಒಂದು ಹನಿಯನ್ನೂ ಬಾಯಿಗೆ ಹಾಕಿದವನಲ್ಲ. ಊರಿಗೆ ಬಂದ ಮೇಲೆ ಇನ್ನು ಬಾರಿನ ಕೆಲಸ ಮಾಡುವುದಿಲ್ಲ ಎಂದು ತೀರ್ಮಾನಿಸಿದ್ದ. ನಾನು ಹೋಗಿ ಕೇಳಿದಾಗ ಬಹಳ ಹೊತ್ತು ಗಡ್ಡ ನೀವಿಕೊಂಡ. ಆಮೇಲೆ ಹೇಳಿದ, “ನೋಡು ಮಾರಾಯ, ನೀನು ಹಟ್ಟಿ ರಿಪೇರಿ ಉಂಟು ಅಂತ ಮಾತ್ರ ಹೇಳು, ನಾನು ಬರ್ತೇನೆ. ಅದರ ಒಳಗೆ ಎಂತ ಇಡ್ತೀ ಅಂತ ನನಗೆ ಹೇಳಬೇಡ.”

ಹೀಗಾಗಿ ಎರಡು ತಿಂಗಳು ನಮ್ಮಿಬ್ಬರ ನಡುವೆ ಬಾರ್ ಎಂಬ ಶಬ್ದವೇ ಬರಲಿಲ್ಲ. ಕಟ್ಟೆಗೆ ಅವನು ಉದ್ದ ಮೇಜು ಎನ್ನುತ್ತಿದ್ದ. ಬಾಟಲಿಯ ಶೆಲ್ಫು ಅವನ ಬಾಯಲ್ಲಿ ಪುಸ್ತಕದ ಕಪಾಟು. ಆದರೆ ಅದರ ಪ್ರತಿ ಅಂತಸ್ತಿನ ಎತ್ತರವನ್ನು ಅಳೆಯುವಾಗ ಮಾತ್ರ ಅದು ಯಾವ ಗಾತ್ರದ ಪುಸ್ತಕಕ್ಕೆ ಎಂಬುದು ಅವನ ಕೈಗೆ ಸರಿಯಾಗಿ ಗೊತ್ತಿತ್ತು. ಕೆಮ್ಮಣ್ಣು ಎಂಬ ಊರಿನಲ್ಲಿ ಬಿಚ್ಚಿಹಾಕಿದ್ದ ಹಳೆಯ ದೋಣಿಯೊಂದರ ಹಲಗೆಗಳನ್ನು ತಂದು ಗೋದಲಿಯ ಗೋಡೆಯ ಮೇಲೆ ಕೂರಿಸಿದ. ಅವನ್ನು ತಿಕ್ಕಿ ಎಣ್ಣೆ ಹಚ್ಚಿದಾಗ ಹೊಳೆಯ ನೀರಿನ ಗೆರೆಗಳು ಒಂದೊಂದಾಗಿ ಎದ್ದು ಬಂದವು. ದೀಪಗಳನ್ನು ಶೆಲ್ಫಿನ ಹಲಗೆಗಳ ಹಿಂದೆ ಅಡಗಿಸಿದ. ಬಲ್ಬು ಕಾಣಬಾರದು, ಬೆಳಕು ಮಾತ್ರ ಕಾಣಬೇಕು ಎಂಬುದು ಅವನ ಸಿದ್ಧಾಂತ. ನಾನು ಅಲ್ಲಲ್ಲಿ ಕೂಡಿಸಿಟ್ಟಿದ್ದ ಬಣ್ಣದ ಖಾಲಿ ಬಾಟಲಿಗಳನ್ನು ಜೋಡಿಸಿ ಸ್ವಿಚ್ ಹಾಕಿದಾಗ ಇಡೀ ಹಟ್ಟಿ ಯಾವುದೋ ದೂರದ ಸಂಜೆಯೊಂದನ್ನು ನೆನಪಿಸಿಕೊಂಡಂತೆ ಕಂಡಿತು. ಹಮೀದ್ ದೂರ ನಿಂತು ನೋಡಿ, ಪುಸ್ತಕ ಚೆನ್ನಾಗಿ ಕಾಣ್ತದೆ ಎಂದು ಹೇಳಿ ಚಪ್ಪಲಿ ಹಾಕಿಕೊಂಡ. ಒಂದೇ ಒಂದು ಎಚ್ಚರಿಕೆ ಕೊಟ್ಟ. ಕಟ್ಟೆಯ ಒಳಗೆ ಹೋಗಿಬರಲು ಒಂದು ಕಡೆ ಎತ್ತುವ ಹಲಗೆ ಇಟ್ಟಿದ್ದಾನೆ, ಅದು ಮಳೆಗೆ ಸ್ವಲ್ಪ ಉಬ್ಬಬಹುದು ಎಂದ. ನಾನು ಬೆಳಕು ನೋಡುತ್ತಿದ್ದೆ.

ಉದ್ಘಾಟನೆಗೆ ಮೂವರು ಗೆಳೆಯರನ್ನು ಒಂದು ಭಾನುವಾರಕ್ಕೆ ಕರೆದಿದ್ದೆ. ಆ ಹೊತ್ತಿಗೆ ಮಳೆ ಹಿಡಿದಿತ್ತು. ಶನಿವಾರ ಸಂಜೆ ಒಬ್ಬನೇ ಹೋಗಿ ಕಟ್ಟೆಯ ಒಳಗೆ ನಿಂತು, ಹಲಗೆಯನ್ನು ಜೋರಾಗಿ ಒತ್ತಿ ಮುಚ್ಚಿ, ಬಟ್ಟೆಯಿಂದ ಗ್ಲಾಸು ಒರೆಸುವ ಅಭ್ಯಾಸ ಮಾಡುತ್ತಿದ್ದೆ. ಸುಮತಿ ಬಂದಳು. ಮನೆಯಲ್ಲಿ ಬಿಟ್ಟು ಬಂದಿದ್ದ ನನ್ನ ಫೋನು ಬಡಿದುಕೊಳ್ಳುತ್ತಿತ್ತಂತೆ, ಕೊಟ್ಟು ಹೋಗಲು ಬಂದವಳು. ಫೋನನ್ನು ಕಟ್ಟೆಯ ಮೇಲಿಟ್ಟು ಸುತ್ತಲೂ ನೋಡಿದಳು. ಆಮೇಲೆ ಹಮೀದ್ ಮಾಡಿಕೊಟ್ಟಿದ್ದ ಎತ್ತರದ ಸ್ಟೂಲಿಗೆ ಮೆಲ್ಲಗೆ ಒರಗಿದಳು, ಒರಗಿದವಳು ಹಾಗೆಯೇ ಕುಳಿತುಬಿಟ್ಟಳು. ಮಂಡಿ ಮಡಚದೆ, ಯಾರ ಕೈಯನ್ನೂ ಹಿಡಿಯದೆ, ನಿಂತಲ್ಲಿಂದಲೇ ಕೂರಬಹುದಾದ ಜಾಗವೊಂದು ಅವಳಿಗೆ ಒಂದೂವರೆ ವರ್ಷದಲ್ಲಿ ಮೊದಲ ಸಲ ಸಿಕ್ಕಿತ್ತು.

“ನೀವು ಈಗ ನಿಂತದ್ದು ಬೊಳ್ಳಿಯ ಜಾಗದಲ್ಲಿ,” ಎಂದಳು.

ಇಂಥ ಮಾತು ಶುರುವಾದರೆ ನನಗೆ ಎಲ್ಲಿಗಾದರೂ ಹೋಗುವ ಕೆಲಸ ನೆನಪಾಗುತ್ತದೆ. ತೋಟದ ಪಂಪು ಆಫ್ ಮಾಡಿ ಬರುತ್ತೇನೆ ಎಂದು ಹಲಗೆಗೆ ಕೈ ಹಾಕಿದೆ. ಹಲಗೆ ಏಳಲಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಪಂಪು ಯಾಕೆ ಎಂದು ಅವಳು ಕೇಳಲಿಲ್ಲ, ಅದು ಅವಳ ದೊಡ್ಡತನ. ಇನ್ನೊಮ್ಮೆ ಎತ್ತಿದೆ, ಭುಜ ಕೊಟ್ಟು ಎತ್ತಿದೆ. ದೋಣಿಯ ಹಲಗೆ ನೀರು ಸಿಕ್ಕಿದ ಸಂತೋಷಕ್ಕೆ ಉಬ್ಬಿ ಕೂತಿತ್ತು. ಅದರ ಕೆಳಗಿನಿಂದ ನುಸುಳಿ ಹೋಗಬಹುದಿತ್ತು, ನಿಜ. ಆದರೆ ಹೆಂಡತಿ ಮಾತನಾಡುತ್ತಿರುವಾಗ ಮೇಜಿನ ಅಡಿಯಿಂದ ತೆವಳಿ ಓಡಿಹೋಗುವಷ್ಟು ಮರ್ಯಾದೆಗೆಟ್ಟವನು ನಾನು ಅಂದಿಗೆ ಆಗಿರಲಿಲ್ಲ. ಗ್ಲಾಸು ಹಿಡಿದುಕೊಂಡು ನಿಂತೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಟಲಿಗಳ ಬೆಳಕನ್ನು ನೋಡುತ್ತ, ನನಗಲ್ಲ, ಆ ಬೆಳಕಿಗೆ ಹೇಳುವಂತೆ ಹೇಳಿದಳು. “ನನಗೆ ಇನ್ನು ಹಾಲು ಕರೆಯಲಿಕ್ಕೆ ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು. ಕೊಡುವುದು ಬೇಡ ಅಂತ ನಾನು ಹೇಳುತ್ತಿರಲಿಲ್ಲ. ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು, ಅಲ್ವಾ?”

ನಾನು ಗ್ಲಾಸು ಒರೆಸಿದೆ.

“ಟೆಂಪೋ ಹತ್ತಿಸುವಾಗ ಅದಕ್ಕೆ ಎಂತ ಹೇಳಿದಿರಿ?”

ಏನೂ ಹೇಳಿರಲಿಲ್ಲ. ಟೆಂಪೋದವನಿಗೆ ದಾರಿ ಹೇಳುತ್ತಿದ್ದೆ. ಹಾಗೆಂದೇ ಹೇಳಿದೆ. ಅವಳು ತಲೆಯಾಡಿಸಿದಳು. ಬೊಳ್ಳಿಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು, ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಹತ್ತೇ ದಿನದಲ್ಲಿ ಬರುತ್ತೇನೆ ಎಂದು ಅದಕ್ಕೆ ಹೇಳಿ ಹೋಗಿದ್ದಳಂತೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಥರ ಮಾಡುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲವೇನೋ. ಆ ದಿನಗಳಲ್ಲಿ ನಾನು ಬಹಳ ಜಾಣನಾಗಿದ್ದೆ. “ತಪ್ಪಾಯಿತು,” ಎಂದೆ. ಮದುವೆಯಾದಂದಿನಿಂದ ಈ ಶಬ್ದವನ್ನು ಬಳಸದೆ ಇಟ್ಟುಕೊಂಡಿದ್ದರಿಂದಲೋ ಏನೋ, ಅದು ಗಂಟಲಿನಿಂದ ಎರಡು ತುಂಡಾಗಿ ಬಂತು.

ಹೊರಗೆ ಮಳೆ ಸಣ್ಣದಾಯಿತು. ಅವಳು, ಬಾರ್ ಎಂದು ಮಾಡಿದ್ದೀರಲ್ಲ, ಕುಡಿಯಲಿಕ್ಕೆ ಎಂತಾದರೂ ಉಂಟಾ ಎಂದು ಕೇಳಿದಳು. ಬೀಗ ಹಾಕಿಟ್ಟ ಎರಡು ಬಾಟಲಿಗಳನ್ನು ಬಿಟ್ಟರೆ ಇದ್ದದ್ದು ಅವಳೇ ಬೇಸಗೆಯಲ್ಲಿ ಮಾಡಿಟ್ಟಿದ್ದ ಪುನರ್ಪುಳಿಯ ಶರಬತ್ತು. ಬೆರೆಸಿ ಕೊಟ್ಟೆ. ಜೇನುಬಣ್ಣದ ಬೆಳಕಿನಲ್ಲಿ ಆ ಕೆಂಪು ಎಷ್ಟು ಚೆನ್ನಾಗಿ ಕಂಡಿತೆಂದರೆ, ಇಬ್ಬರೂ ಸ್ವಲ್ಪ ಹೊತ್ತು ಗ್ಲಾಸನ್ನೇ ನೋಡಿದೆವು. ಅವಳು ಬೊಳ್ಳಿಯ ಒಂದೊಂದೇ ಸಂಗತಿ ಹೇಳಿದಳು. ಅದು ಅಪರಿಚಿತರ ಅಂಗಿಯ ತೋಳು ನೆಕ್ಕುತ್ತಿದ್ದದ್ದು, ಗುಡುಗಿಗೆ ಹೆದರದೆ ಸೈಕಲ್ ಬೆಲ್ಲಿಗೆ ಹೆದರುತ್ತಿದ್ದದ್ದು. ಆ ಹಟ್ಟಿಯ ಪಕ್ಕದಲ್ಲೇ ಅಷ್ಟು ವರ್ಷ ಬದುಕಿದ್ದ ನಾನು ಎಲ್ಲವನ್ನೂ ಹೊಸ ಸುದ್ದಿಯಂತೆ ಕೇಳಿದೆ. ಗ್ಲಾಸು ಖಾಲಿಯಾದ ಮೇಲೆ ಮನೆಗೆ ಹೋಗಬೇಕಲ್ಲ, ನಾನು ಕೈಕಾಲು ಊರಿ ಹಲಗೆಯ ಅಡಿಯಿಂದ ಹೊರಬಂದೆ. ಅವಳು ಸ್ಟೂಲು ಹಿಡಿದುಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಕೇಳಿದ ನಗು. ನಾನು ಬೇಕೆಂದೇ ಸ್ವಲ್ಪ ನಿಧಾನವಾಗಿ ಎದ್ದೆ.

ಭಾನುವಾರ ಗೆಳೆಯರಿಗೆ ಫೋನು ಮಾಡಿ ಬಾಗಿಲು ಉಬ್ಬಿದೆ ಎಂದು ಹೇಳಿದೆ. (ಮುಂದಿನ ವಾರ ಬಂದರು, ಕುಡಿದರು, ಬೆಳಕು ಕಡಿಮೆ, ಮೀನಿನ ಮುಳ್ಳು ಕಾಣುವುದಿಲ್ಲ ಎಂದು ಹೇಳಿ ಹೋದರು. ಕನಸನ್ನು ಗೆಳೆಯರಿಗೆ ತೋರಿಸಬಾರದು.) ನಾವಿಬ್ಬರೂ ಕಾಪುವಿಗೆ ಹೋದೆವು. ಅಕ್ಕನಿಗೆ ಹೇಳದೆ ಹೋಗಿದ್ದರಿಂದ ಅವಳಿಗೆ ಗಾಬರಿ. ಬೊಳ್ಳಿ ಹೊಟ್ಟೆ ತುಂಬಿಕೊಂಡು, ಗಬ್ಬವಾಗಿ, ನಾಲ್ಕು ದನಗಳ ನಡುವೆ ಯಜಮಾನಿಯಂತೆ ನಿಂತಿತ್ತು. ನನ್ನನ್ನು ನೋಡಿ ಮೆಲುಕು ಹಾಕುವುದನ್ನು ಮುಂದುವರಿಸಿತು. ಸುಮತಿ ಹತ್ತಿರ ಹೋದಾಗ ಮೆಲುಕು ನಿಲ್ಲಿಸಿತು. ಮೂಗನ್ನು ಮುಂದೆ ಚಾಚಿ, ಅವಳ ಕೈಯನ್ನು ಮೂಸಿ, ಮೊಣಕೈಯವರೆಗೂ ನೆಕ್ಕಿತು. ಅವಳು ಅದರ ಕಿವಿಯ ಬಳಿ ಬಗ್ಗಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ, ಕೇಳಿಸಬೇಕಾದದ್ದೂ ಅಲ್ಲ.

ಬೇಕಾದರೆ ಕರೆದುಕೊಂಡು ಹೋಗು ಎಂದು ಅಕ್ಕ ಹೇಳಿದಳು. ನಾನು ಮನಸ್ಸಿನಲ್ಲೇ ಉದ್ದ ಮೇಜನ್ನು ಕಿತ್ತು, ಬಾಟಲಿ ಇಳಿಸಿ, ಹುಲ್ಲು ತರಲು ಹೊರಟಿದ್ದೆ. ಸುಮತಿ ಬೊಳ್ಳಿಯ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಹೇಳಿದಳು, “ಬೇಡ ಅತ್ತಿಗೆ, ಇಲ್ಲಿಯೇ ಇರಲಿ. ನನ್ನ ಮಂಡಿಗೆ ಆಗುವುದಿಲ್ಲ. ಇಲ್ಲಿ ಇದಕ್ಕೆ ಸುಖ ಉಂಟು.”

ಅದನ್ನೇ ಅಲ್ಲವೇ ನಾನು ಅಂದೇ ಹೇಳಿದ್ದು ಎಂಬ ಮಾತು ನಾಲಗೆಯ ತುದಿಗೆ ಬಂತು. ದೇವರ ದಯೆ, ಅಷ್ಟರಲ್ಲಿ ಅಕ್ಕ ದೊಡ್ಡ ಲೋಟದ ತುಂಬ ಶುಂಠಿ ಮೆಣಸು ಜಜ್ಜಿ ಹಾಕಿದ ಮಜ್ಜಿಗೆಯನ್ನು ಕೈಗಿಟ್ಟಳು. ಮಾತು ಪೂರ್ತಿ ಕೆಳಗಿಳಿಯುವವರೆಗೆ ಉಸಿರು ತೆಗೆಯದೆ ಕುಡಿದೆ. ಕಣ್ಣಲ್ಲಿ ನೀರು ಬಂತು.

ಉಪ್ಪು ಸರಿ ಉಂಟಾ ಎಂದು ಅಕ್ಕ ಕೇಳಿದಳು.

“ಸುಮತಿಯ ಹತ್ತಿರ ಕೇಳು,” ಎಂದೆ.