ಸುಶ್ರಾವ್ಯಕ್ಕೆ ಒಂದು ತಿದ್ದುಪಡಿ

ಇಪ್ಪತ್ತೇಳು ವರ್ಷಗಳಿಂದ ಪತ್ರಿಕೆಯೊಂದರ ಪುತ್ತೂರು ವರದಿಗಾರನಾಗಿರುವ ನಾನು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ನನ್ನ ವರದಿಗಳಲ್ಲಿ ಹಾಡಿದ ಯಾರ ಹಾಡನ್ನೂ ನಾನು ಕೇಳಿಲ್ಲ. ದೀಪ ಬೆಳಗುವಾಗ ಇರುತ್ತೇನೆ. ಫೋಟೋ ತೆಗೆದು, ಸ್ವಾಗತಿಸುವವರ, ನಿರೂಪಿಸುವವರ, ವಂದಿಸುವವರ ಹೆಸರಿನ ಚೀಟಿ ಪಡೆದು, ಹಾರ್ಮೋನಿಯಂ ಉಸಿರೆಳೆಯುವ ಹೊತ್ತಿಗೆ ಸ್ಕೂಟರ್ ಏರಿರುತ್ತೇನೆ. ವಂದಿಸುವವರು ವಂದಿಸುವ ಮೊದಲೇ ನನ್ನ ವರದಿಯಲ್ಲಿ ವಂದಿಸಿ ಆಗಿರುತ್ತದೆ. ಸಂಗೀತಕ್ಕೆ ‘ಸುಶ್ರಾವ್ಯ’, ನೃತ್ಯಕ್ಕೆ ‘ಮನಮೋಹಕ’, ನಾಟಕಕ್ಕೆ ‘ಮನೋಜ್ಞ’. ಈ ಮೂರು ಪದಗಳಿಂದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕಲಾವಿದರನ್ನು ಸಂತೋಷವಾಗಿಟ್ಟಿದ್ದೆ. ನನ್ನ ಸುದ್ದಿಗೆ ಈವರೆಗೆ ಒಂದೇ ಒಂದು ತಿದ್ದುಪಡಿ ಪ್ರಕಟವಾಗಿಲ್ಲ ಎಂಬ ಹೆಮ್ಮೆಯೂ ನನಗಿತ್ತು. ಬರೆದದ್ದೆಲ್ಲ ಸರಿಯಾಗಿತ್ತೆಂದಲ್ಲ, ಹೊಗಳಿದ್ದನ್ನು ಯಾರೂ ತಿದ್ದಲು ಬರುವುದಿಲ್ಲ.

ಬಂದವರು ಹಮೀದ್. ಪುತ್ತೂರಿನ ದರ್ಬೆಯಲ್ಲಿ ನಮ್ಮ ಕಚೇರಿಯ ಕೆಳಗೆ ಅವರದ್ದು ಮನೆಯ ಮಾಡಿಗೆ ಹೊದಿಸುವ ತಗಡಿನ ಶೀಟಿನ ಅಂಗಡಿ. ಹಗಲು ಶೀಟು ಬಡಿಯುವ ಅವರು ಸಂಜೆ ‘ಗರ್ನಾಲು’ ಎಂಬ ಹೆವಿ ಮೆಟಲ್ ತಂಡದಲ್ಲಿ ಡ್ರಮ್ ಬಡಿಯುತ್ತಾರೆ. ಎರಡರ ನಡುವಿನ ವ್ಯತ್ಯಾಸ ನನಗೆ ಬಹುಕಾಲ ತಿಳಿದಿರಲಿಲ್ಲ. ಗರ್ನಾಲು ಎಂದರೆ ನಮ್ಮಲ್ಲಿ ಉತ್ಸವಕ್ಕೆ ಸಿಡಿಸುವ, ಎದೆ ನಡುಗಿಸುವ ಪಟಾಕಿ. ತಂಡದ ಗಾಯಕಿ ಗುತ್ತಿಗಾರಿನ ಪ್ರಮೀಳಾ, ಕಡಬದ ಸಹಕಾರಿ ಸಂಘವೊಂದರ ಕೌಂಟರಿನಲ್ಲಿ ಕುಳಿತು ಎರಡನೇ ಸಲ ಕೇಳಿದರೆ ಮಾತ್ರ ಅರ್ಥವಾಗುವಷ್ಟು ಮೆಲ್ಲಗೆ ಮಾತನಾಡುವವರು. ಇವರ ಮೊದಲ ಆಲ್ಬಂ ಬಿಡುಗಡೆಯಾದಾಗ ನಾನು ಎಂದಿನಂತೆ ಚೀಟಿ ಪಡೆದು ಹೊರಟು, ‘ಪ್ರಮೀಳಾ ಅವರು ಸುಶ್ರಾವ್ಯವಾಗಿ ಹಾಡಿ ಶ್ರೋತೃಗಳ ಮನ ತಣಿಸಿದರು’ ಎಂದು ಬರೆದಿದ್ದೆ.

ಮರುದಿನ ಹಮೀದ್ ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದರು. “ಎಂತ ಮಾರಾಯ್ರೆ ಇದು? ನಮ್ಮ ಮರ್ಯಾದೆ ತೆಗೆದ್ರಲ್ಲ!”

“ಹೊಗಳಿ ಬರೆದದ್ದಲ್ವಾ?”

“ಅದೇ ತೊಂದರೆ! ಮೆಟಲ್ ಅಂದ್ರೆ ಕಿವಿ ಒಡೀಬೇಕು. ಮಂಗಳೂರಿನ ಮೆಟಲ್ ಶೋದವರು ನಮ್ಮ ಹೆಸರು ತೆಗೆದಿದ್ದಾರೆ. ‘ನೀವು ಸುಶ್ರಾವ್ಯದವರು, ನಿಮಗೆ ಇಲ್ಲಿ ಎಂತ ಕೆಲಸ’ ಅಂತ ಕೇಳ್ತಾರೆ. ಒಂದು ತಿದ್ದುಪಡಿ ಹಾಕಿ.”

ನನ್ನ ಇಪ್ಪತ್ತೇಳು ವರ್ಷದ ದಾಖಲೆ ಕಣ್ಣ ಮುಂದೆ ಬಂತು. ಹಾಕಲಿಲ್ಲ. ಮುಂದಿನ ವಾರ ನನ್ನ ವರದಿಯನ್ನು ನಂಬಿ ಸುಳ್ಯದಲ್ಲೊಬ್ಬರು ಸತ್ಯನಾರಾಯಣ ಪೂಜೆಗೆ ಇದೇ ತಂಡವನ್ನು ಕರೆಸಿದರಂತೆ. ಪ್ರಮೀಳಾ ಮೊದಲ ಸಾಲು ಎತ್ತಿದೊಡನೆ ಭಟ್ಟರು ಗಂಟೆ ಕೆಳಗಿಟ್ಟು, “ಅವರಿಗೆ ನೀರು ಕೊಡಿ, ನೀರು ಕೊಡಿ” ಎಂದು ಕೂಗಿದರಂತೆ.

ಮೊನ್ನೆ ಅವರ ಎರಡನೇ ಆಲ್ಬಂ ಬಂತು. ಹೆಸರು ‘ಘಾಟ್ ಬಂದ್’. ಶಿರಾಡಿಯಲ್ಲಿ ಮಣ್ಣು ಕುಸಿದಾಗಲೆಲ್ಲ ನಾನು ಕೊಡುತ್ತಿದ್ದ ತಲೆಬರಹವೇ ಅದು. ಗುಂಡ್ಯದ ಹೋಟೆಲೊಂದರಲ್ಲಿ ಮೊದಲ ಹಾಡು ಹಾಕಿದಾಗ ಇಬ್ಬರು ಲಾರಿಯವರು ಟಯರು ನೋಡಲು ಹೊರಗೆ ಓಡಿದರಂತೆ. ಹಮೀದ್ ಇದನ್ನು ಒಳ್ಳೆಯ ವಿಮರ್ಶೆಯೆಂದೇ ಪರಿಗಣಿಸಿದ್ದರು. ನನ್ನ ಮೇಜಿನ ಮೇಲೆ ಪೆನ್‌ಡ್ರೈವ್ ಇಟ್ಟು ಹೇಳಿದರು: “ಮಂಗಳೂರಿನ ಶೋದವರು ಈ ಸಲ ಪೇಪರ್ ನೋಡಿಯೇ ಹೇಳುದಂತೆ. ಕೆಟ್ಟದಾದ್ರೆ ಕೆಟ್ಟದು ಅಂತ ಬರೀರಿ. ಆ ಶಬ್ದ ಮಾತ್ರ ಬೇಡ.” ಜತೆಗೆ ಬಂದಿದ್ದ ಪ್ರಮೀಳಾ ಏನೋ ಹೇಳಿದರು. ಎರಡನೇ ಸಲ ಕೇಳಿದಾಗ ಅರ್ಥವಾಯಿತು: “ಒಮ್ಮೆ ಕೇಳಿ ಬರೀರಿ, ಸರ್.”

ಕೇಳಿದೆ. ಬಾಗಿಲು ಹಾಕಿ, ನೋಟ್‌ಬುಕ್ ತೆರೆದು ಕೂತೆ. ನನಗೆ ಗೊತ್ತಿರುವುದು ಒಂದೇ ಶೈಲಿ. ಹಾಗಾಗಿ ಮೊದಲ ಪುಟದಲ್ಲಿ ಹೀಗಿತ್ತು: ‘ಮಹಿಳೆಯೊಬ್ಬರು ನಾಲ್ಕು ನಿಮಿಷ ಅರಚಿದ್ದಾರೆ. ಕಾರಣ ತಿಳಿದುಬಂದಿಲ್ಲ.’ ಎರಡನೇ ಹಾಡಿಗೆ: ‘ಘಟನೆ ಮರುಕಳಿಸಿದೆ.’ ನಾಲ್ಕನೇ ಹಾಡು ಮಾತ್ರ ಬೇರೆಯಾಗಿತ್ತು. ಮೊದಲು ಬಾಳೆಗಿಡ ಮುರಿಯುವಂಥ ಸಣ್ಣ ಸದ್ದು, ಬಳಿಕ ಮೌನ, ಬಳಿಕ ಆ ಕೂಗು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಪ್ರಮೀಳಾರಿಗೆ ಫೋನ್ ಮಾಡಿದೆ.

“ಆನೆಯದ್ದು ಸರ್ ಅದು. ತೋಟಕ್ಕೆ ಆನೆ ಬಂದ್ರೆ ಅಮ್ಮ ಅಂಗಳದಲ್ಲಿ ನಿಂತು ಹಾಗೇ ಕೂಗುದು. ನಾನು ಹಾಡು ಕಲಿತದ್ದೇ ಅಲ್ಲಿ.”

ಗುತ್ತಿಗಾರಿನ ಆನೆಗಳ ಬಗ್ಗೆ ನಾನು ಎಷ್ಟೋ ಸಲ ಬರೆದಿದ್ದೇನೆ. ಪ್ರತಿ ಸಲವೂ ‘ಅಪಾರ ಕೃಷಿ ಹಾನಿ’. ಅಂಗಳದಲ್ಲಿ ನಿಂತು ಕೂಗಿದವರ ಸುದ್ದಿ ಒಮ್ಮೆಯೂ ಬಂದಿಲ್ಲ.

ಬಾಳಿನಲ್ಲಿ ಮೊದಲ ಬಾರಿ ವಿಮರ್ಶೆ ಬರೆದೆ. ‘ಈ ಆಲ್ಬಂ ಆರಂಭದಿಂದ ಕೊನೆಯವರೆಗೆ ಕರ್ಕಶವಾಗಿದೆ. ಮೂರು ಹಾಡುಗಳು ನನಗೆ ಅರ್ಥವಾಗಲಿಲ್ಲ. ನಾಲ್ಕನೆಯದಕ್ಕೆ ಎದ್ದು ನಿಂತೆ, ಮತ್ತೆ ಕೂರಲು ಧೈರ್ಯ ಬರಲಿಲ್ಲ.’ ಮಂಗಳೂರಿನ ಕಚೇರಿಗೆ ಕಳುಹಿಸಿ ಹಗುರಾದೆ.

ಬೆಳಿಗ್ಗೆ ಪತ್ರಿಕೆ ತೆರೆದರೆ, ‘ಈ ಆಲ್ಬಂ ಆರಂಭದಿಂದ ಕೊನೆಯವರೆಗೆ ಸುಶ್ರಾವ್ಯವಾಗಿದೆ.’ ಉಪಸಂಪಾದಕಿಗೆ ಫೋನ್ ಮಾಡಿ ರೇಗಿದೆ. ಆಕೆ ಶಾಂತವಾಗಿ ಹೇಳಿದಳು: “ಕೈತಪ್ಪಿ ಬರೆದದ್ದು ಅಂತ ಸರಿ ಮಾಡಿದೆ ಸರ್. ಸಂಗೀತಕ್ಕೆ ಸುಶ್ರಾವ್ಯ, ನೃತ್ಯಕ್ಕೆ ಮನಮೋಹಕ ಅಂತ ಟ್ರೈನಿಂಗಿನಲ್ಲಿ ನೀವೇ ಬರೆಸಿದ್ದಲ್ವಾ? ನೋಟ್ಸ್ ಇನ್ನೂ ಉಂಟು ನನ್ನತ್ರ.”

ಕೆಳಗೆ ಹಮೀದರ ಅಂಗಡಿಯಲ್ಲಿ ಶೀಟು ಬಡಿಯುವ ಸದ್ದು ಆ ದಿನ ಕೇಳಿಸಲಿಲ್ಲ. ನಾನೇ ಇಳಿದು ಹೋದೆ. ಅವರು ಬೈಯಲಿಲ್ಲ. ಪತ್ರಿಕೆಯನ್ನು ಮಡಚಿ ಬದಿಗಿಟ್ಟು, “ಇರ್ಲಿ ಸರ್, ನೀವು ಕೇಳಿದ್ರಲ್ಲ” ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಮೇಲೆ ಬಂದವನೇ ಇಪ್ಪತ್ತೇಳು ವರ್ಷದ ದಾಖಲೆಯನ್ನು ನನ್ನ ಕೈಯಾರೆ ಮುಗಿಸಿದೆ: ‘ತಿದ್ದುಪಡಿ: ಗರ್ನಾಲು ತಂಡದ ಕುರಿತ ಬರಹದಲ್ಲಿ ಸುಶ್ರಾವ್ಯ ಎಂದಿರುವುದನ್ನು ಕರ್ಕಶ ಎಂದು ಓದಿಕೊಳ್ಳಬೇಕು. ಮೊದಲ ಆಲ್ಬಮ್ಮಿಗೂ ಇದು ಅನ್ವಯ. ಪ್ರಮಾದಕ್ಕೆ ವಿಷಾದಿಸುತ್ತೇವೆ.’

ಮಂಗಳೂರಿನ ಶೋದವರು ತಂಡವನ್ನು ಕರೆದರು. ತಿದ್ದುಪಡಿ ಈಗ ತಂಡದ ಟೀ ಶರ್ಟಿನ ಬೆನ್ನ ಮೇಲಿದೆ. ನನ್ನ ಬರಹಗಳಲ್ಲಿ ಜನ ಕಾಸು ಕೊಟ್ಟು ಮೈಮೇಲೆ ಹಾಕಿಕೊಂಡದ್ದು ಇದೊಂದೇ.

ಕಳೆದ ವಾರ ಭಜನಾ ಮಂಡಳಿಯೊಂದರ ಕಾರ್ಯದರ್ಶಿ ಚೀಟಿ ಕೊಡುತ್ತಾ ನನ್ನ ಕೈ ಹಿಡಿದರು. “ಒಂದು ಉಪಕಾರ ಮಾಡಿ ಮಾರಾಯ್ರೆ, ಸುಶ್ರಾವ್ಯ ಅಂತ ಬರೀಬೇಡಿ. ಈಗ ಅದಕ್ಕೆ ಬೇರೆ ಅರ್ಥ ಉಂಟಲ್ಲ.”

“ಮತ್ತೆ ಎಂತ ಬರೆಯುದು?”

“ಕೂತು ಕೇಳಿ, ಎಂತ ಅನಿಸ್ತದೋ ಅದನ್ನು ಬರೀರಿ.”

ಮೊದಲ ಸಾಲಿನಲ್ಲಿ ಕೂರಿಸಿದರು. ಎರಡೂವರೆ ಗಂಟೆ, ಕಿವಿ ಗುಂಯ್‌ಗುಡುವವರೆಗೆ ಕೇಳಿದೆ. ಅನಿಸಿದ ಶಬ್ದ ಒಂದೇ, ಅದನ್ನು ಗರ್ನಾಲಿನವರು ಆಗಲೇ ಟೀ ಶರ್ಟಿನ ಮೇಲೆ ಹಾಕಿಕೊಂಡಿದ್ದರು.