ಕಂಬದ ಗೋರಿಯ ಕಲ್ಲು ಓದಿದವನು

ನಸೋರೊನ ಫಜೀತಿಗೆಲ್ಲ ಕಾರಣ ಒಂದೇ ಒಂದು ಅಕ್ಷರ. ಅದೂ ಅವನ ಬಾಯಿಂದ ಬಂದದ್ದಲ್ಲ, ದೋಣಿ ನಡೆಸುವ ಶೇಲಿಯ ಕಿವಿ ತಾನಾಗಿ ಸೇರಿಸಿಕೊಂಡದ್ದು.

ನಸೋರೊ ದಾರ್ ಎಸ್ ಸಲಾಮ್‌ನಲ್ಲಿ ಚರಿತ್ರೆ ಓದುತ್ತಿದ್ದ. ರಜೆಗೆಂದು ನಮ್ಮ ಜಿವೆನಿ ದ್ವೀಪಕ್ಕೆ ಹೊರಟಿದ್ದ. ಬೆಳಿಗ್ಗೆ ಪಾಳು ಮಸೀದಿ, ಹಳೇ ಗೋರಿಗಳನ್ನೆಲ್ಲ ನೋಡಿ ಮುಗಿಸುವುದು, ಮಧ್ಯಾಹ್ನ ಈಜುವುದು, ಸಂಜೆಯ ಉಬ್ಬರಕ್ಕೆ ವಾಪಸು ಹೋಗುವುದು, ಇಷ್ಟೇ ಅವನ ಯೋಜನೆ. ಕಿಲ್ವಾದ ಕಟ್ಟೆಯಲ್ಲಿ ದೋಣಿ ಹತ್ತುವಾಗ ಶೇಲಿ ವಾಡಿಕೆಯಂತೆ ಕೇಳಿದ, “ಏನ್ ಮಾಡ್ಕೊಂಡಿದೀಯಪ್ಪಾ?”

“ನಾನು ಮ್ವನಚೂವೊ,” ಎಂದ ನಸೋರೊ.

ಪಟ್ಟಣದಲ್ಲಿ ಹಾಗೆಂದರೆ ಕಾಲೇಜು ವಿದ್ಯಾರ್ಥಿ. ನಮ್ಮ ಕಡೆ ಚೂವೊ ಎಂದರೆ ಕಾಲೇಜಲ್ಲ, ಮಕ್ಕಳು ಚಾಪೆಯ ಮೇಲೆ ಕೂತು ಕುರಾನಿನ ಅಕ್ಷರ ಕಲಿಯುವ ಗುಡಿಸಲು. ಮಾತಿನ ಬಾಲಕ್ಕೊಂದು ‘ನಿ’ ಸೇರಿ ‘ಮ್ವನಚೂವೊನಿ’ ಆಯಿತೋ, ಗ್ರಂಥಗಳನ್ನೆಲ್ಲ ಅರೆದು ಕುಡಿದ ಮಹಾವಿದ್ವಾಂಸ. ಗಾಳಿಗೆ ಹಾಯಿ ಪಟಪಟ ಬಡಿಯುತ್ತಿತ್ತು. ಶೇಲಿಗೆ ‘ನಿ’ ಕೇಳಿಸಿತು.

“ತಮಗೆ ಜಿವೆನೀಲಿ ಏನಾಗ್ಬೇಕಿತ್ತು?” ಎಂದ, ದನಿ ತಗ್ಗಿಸಿ.

“ಗೋರಿ ಕಲ್ಲಿನ ಮೇಲೆ ಹಳೇ ಬರಹ ಇದೆಯಂತಲ್ಲ, ಅದನ್ನ ನೋಡ್ಬೇಕು.”

ಶೇಲಿ ತಲೆಯ ಟೋಪಿ ಸರಿಮಾಡಿಕೊಂಡ. ಬೆಳಗಿನ ಜಾವವೇ ಊರಿನಿಂದ ಅವನಿಗೆ ಫೋನು ಬಂದಿತ್ತು: ಮುದುಕ ಕೊಂಬೊ ತೀರಿಕೊಂಡ, ಕಲ್ಲು ಓದಬಲ್ಲ ವಿದ್ವಾಂಸರೊಬ್ಬರನ್ನು ಹೇಗಾದರೂ ಮಾಡಿ ಕರೆದುಕೊಂಡು ಬಾ.

ಆ ಕಲ್ಲಿನ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಇರುವುದು ಎರಡೇ ಕೇರಿ, ಮೇಲ್ಕೇರಿ ಮತ್ತು ಕಡಲಕೇರಿ. ಪಾಳು ಮಸೀದಿಯ ಪಕ್ಕದಲ್ಲಿ ಎತ್ತರದ ಕಂಬವಿರುವ ಗೋರಿಯೊಂದಿದೆ. ಒಳಗೆ ಮಲಗಿರುವವನು ತಮ್ಮ ಮೂಲಪುರುಷನೆಂದು ಎರಡೂ ಕೇರಿಯವರ ಹಟ. ಕಲ್ಲಿನ ಮೇಲಿನ ಅರಬ್ಬಿ ಬರಹ ಸವೆದುಹೋಗಿದೆ, ಓದುವವರಿಲ್ಲ. ಚೂವೊ ನಡೆಸುತ್ತ ಊರಿಗೆಲ್ಲ ಅಕ್ಷರ ಕಲಿಸಿದ ಬಿ ಜೋಖಾ ಅಜ್ಜಿಯನ್ನು ಕೇಳಿದರೆ, “ನನ್ ಕಣ್ಣು ಮಂಜು ಕಣ್ರೋ,” ಎನ್ನುತ್ತಾಳೆ. ಮೂವತ್ತು ವರ್ಷದಿಂದ ಅದೇ ಮಂಜು. ಸತ್ತ ಕೊಂಬೊ ಅವಳ ಸ್ವಂತ ತಮ್ಮ, ಮೇಲ್ಕೇರಿಯವನು. “ನನ್ನನ್ನ ನಮ್ಮಜ್ಜನ ಪಕ್ಕದಲ್ಲೇ ಮಲಗಿಸಿ,” ಎಂದು ಹೇಳಿ ಕಣ್ಣು ಮುಚ್ಚಿದ್ದ. ಕುಣಿ ತೋಡಲು ಹೋದವರಿಗೆ ಕಡಲಕೇರಿಯ ಹಿರಿಯ ಮಕಾಮೆ ಅಡ್ಡ ನಿಂತಿದ್ದ. ಬಿಳಿ ಬಟ್ಟೆ ಸುತ್ತಿದ ಹೆಣ ಕಾಯುತ್ತಿತ್ತು. ಬಿಸಿಲು ಏರುತ್ತಿತ್ತು. ಹೆಣವನ್ನು ಕಾಯಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ.

ನಸೋರೊಗೆ ಇದಾವುದೂ ಗೊತ್ತಿಲ್ಲ. ದೋಣಿ ಇಳಿದವನು ಆ ನೀರು, ಆ ಮರಳು ನೋಡಿ ತಡೆಯಲಾರದೆ, ಗೋರಿ ಎಲ್ಲಿಗೂ ಓಡಿಹೋಗುವುದಿಲ್ಲವೆಂದುಕೊಂಡು ಚಡ್ಡಿಯಲ್ಲಿ ಸಮುದ್ರಕ್ಕೆ ಬಿದ್ದ. ಮುಳುಗಿ ತಲೆ ಎತ್ತಿದಾಗ, ಕಾಂಜು ಎಂಬ ಉದ್ದನೆಯ ಬಿಳಿ ನಿಲುವಂಗಿ ತೊಟ್ಟ ಹದಿನೈದು ಮುದುಕರು ದಡದಲ್ಲಿ ಸಾಲಾಗಿ ನಿಂತಿದ್ದರು. ಜೊತೆಗೆ ಶೇಲಿ.

“ಶುದ್ಧರಾಗ್ತಾ ಇದ್ದಾರೆ,” ಎಂದು ಶೇಲಿ ಗಂಭೀರವಾಗಿ ವಿವರಿಸಿದ.

“ಶಿಕಮೊ,” ಎಂದು ಮಕಾಮೆ ತಲೆ ಬಾಗಿಸಿದ. ಅದು ಕಿರಿಯರು ಹಿರಿಯರಿಗೆ ಹೇಳುವ ಮಾತು. ಎಪ್ಪತ್ತು ದಾಟಿದವನ ಬಾಯಲ್ಲಿ ಅದನ್ನು ಕೇಳಿ ನಸೋರೊ ಒಂದು ಗುಟುಕು ಉಪ್ಪುನೀರು ನುಂಗಿದ. ಏನಾಗುತ್ತಿದೆ ಎಂದು ಕೇಳುವಷ್ಟರಲ್ಲಿ ಅವನ ಒದ್ದೆ ಚಡ್ಡಿಯ ಮೇಲೆ ಕಾಂಜು ಬಂತು, ತಲೆಗೆ ಟೋಪಿ ಬಂತು. ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ನಡೆದ. ನಡೆಯುತ್ತಲೇ ಅವರು ಸಂಗತಿ ಹೇಳಿದರು.

“ಅಜ್ಜಾ, ತಪ್ಪು ತಿಳ್ಕೊಂಡಿದೀರಿ. ನನಗೆ ಅದೆಲ್ಲ ಓದೋಕೆ ಬರಲ್ಲ.”

“ಕೇಳಿದ್ರೇನ್ರೋ?” ಎಂದ ಮಕಾಮೆ ಹಿಂದಿದ್ದವರಿಗೆ. “ಅರ್ಧಂಬರ್ಧ ಓದಿದೋರು ಎಲ್ಲಾ ಬರುತ್ತೆ ಅಂತಾರೆ. ಪೂರ್ತಿ ಓದಿದೋರು ಹೀಗೇ ಹೇಳೋದು.”

“ದೇವರಾಣೆ, ನನಗೇನೂ ಗೊತ್ತಿಲ್ಲ!”

“ಅಬ್ಬಾ, ಏನ್ ವಿನಯ!”

ಮೂರನೇ ಸಲ ಬಾಯಿ ತೆರೆದಾಗ ಯಾರೋ ಅವನ ಕೈಗೆ ಮುತ್ತಿಟ್ಟರು. ಅವನು ಇಲ್ಲ ಎಂದಷ್ಟೂ ಅವನ ಪಾಂಡಿತ್ಯ ಬೆಳೆಯುತ್ತಿತ್ತು. ಹುಡುಗ ಹೇಳಿದ್ದು ಮಾತ್ರ ಅಪ್ಪಟ ಸತ್ಯ. ಆರು ವರ್ಷದವನಿದ್ದಾಗ ಅವನ ತಾಯಿ ಅವನನ್ನು ಚೂವೊಗೆ ಹಾಕಿದ್ದಳು. ಹನ್ನೆರಡನೇ ದಿನ ಕಿಟಕಿ ಹಾರಿ ಓಡಿದ್ದ. ಅಷ್ಟರಲ್ಲಿ ಕಲಿತದ್ದು ಎರಡು ಅಕ್ಷರ.

ಗೋರಿಯ ಹತ್ತಿರ ಎರಡೂ ಕೇರಿಯವರು ಎರಡು ಬದಿಗೆ ನಿಂತಿದ್ದರು. ನಡುವೆ ಚಟ್ಟದ ಮೇಲೆ ಕೊಂಬೊ. ದೂರದ ಗೋರಖಹುಣಸೆ ಮರದ ಕೆಳಗೆ ಕಪ್ಪು ಬಟ್ಟೆ ಹೊದ್ದು ಬಿ ಜೋಖಾ ಒಬ್ಬಳೇ ಕೂತಿದ್ದಳು. ನಸೋರೊ ಕಲ್ಲಿನ ಮುಂದೆ ಬಗ್ಗಿದ. ಅಕ್ಷರಗಳು ಒಂದರ ಕಾಲು ಇನ್ನೊಂದು ಹಿಡಿದುಕೊಂಡು ಓಡುತ್ತಿದ್ದವು. ಒಂದಾದರೂ ಗುರುತು ಸಿಗಲಿಲ್ಲ.

ಓಡಿಹೋಗೋಣವೆಂದು ಅವನು ಅತ್ತಿತ್ತ ನೋಡಿದ್ದು ನಿಜ. ಆಗ ಕಣ್ಣು ಚಟ್ಟದ ಮೇಲೆ ಬಿತ್ತು. ಬಟ್ಟೆಯ ತುದಿ ಗಾಳಿಗೆ ಹಾರದಂತೆ ಯಾರೋ ಅದರ ಮೇಲೊಂದು ಚಿಕ್ಕ ಕಲ್ಲಿಟ್ಟಿದ್ದರು. ಅದನ್ನು ಕಂಡು ಹುಡುಗ ಮತ್ತೆ ಗೋರಿಯ ಕಡೆ ತಿರುಗಿದ. ಬೆಳಗಿನಿಂದ ಈ ಮನುಷ್ಯ ಬಿಸಿಲಲ್ಲಿ ಕಾದಿದ್ದಾನೆ. ನಾನು ಬಾಯಿ ಬಿಡದಿದ್ದರೆ ಸಂಜೆಯವರೆಗೂ ಕಾಯುತ್ತಾನೆ.

ನಸೋರೊ ಕಲ್ಲಿನ ಮೇಲೆ ಬೆರಳಾಡಿಸಿದ. ಅದೂ ಎಡದಿಂದ ಬಲಕ್ಕೆ. ಪುಣ್ಯಕ್ಕೆ ಎಲ್ಲರೂ ಅವನ ಮುಖ ನೋಡುತ್ತಿದ್ದರು.

“ಇಲ್ಲಿ ಹೀಗಿದೆ,” ಎಂದ. “‘ನಾನು ದೂರದಿಂದ ಬಂದವನು. ಯಾವ ಕೇರಿಗೂ ಸೇರಿದವನಲ್ಲ. ಈ ಊರು ನನಗೆ ಜಾಗ ಕೊಟ್ಟಿತು. ನನ್ನ ಪಕ್ಕ ಮಲಗಲು ಬಂದವರನ್ನು ತಡೆಯಬೇಡಿ.’”

ಮಕಾಮೆ ತಲೆ ಎತ್ತಿ ಕಂಬ ನೋಡಿದ. “ಹಂಗಾದ್ರೆ ನಮ್ಮಜ್ಜ ಅಲ್ವಾ?” ಎಂದ ಮಗುವಿನಂತೆ. ಆಮೇಲೆ ಕಾಂಜು ಮೇಲಕ್ಕೆ ಕಟ್ಟಿ, ಪಕ್ಕದವನ ಕೈಯಿಂದ ಗುದ್ದಲಿ ಕಿತ್ತುಕೊಂಡ. “ಬನ್ರೋ. ಕೊಂಬೊ ಒಳ್ಳೇವ್ನು, ಎಷ್ಟೊತ್ತಂತ ಕಾಯಿಸೋದು?”

ಎರಡು ಕೇರಿಯವರು ಸೇರಿ ತೋಡಿದ ಮೊದಲ ಕುಣಿ ಅದು. ಎಲ್ಲರಂತೆ ನಸೋರೊನೂ ಮೂರು ಹಿಡಿ ಮಣ್ಣು ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಅದು ಸಮುದ್ರದ ನೀರಲ್ಲ.

ಮಣ್ಣು ಮುಗಿದದ್ದೇ ತಡ, ಕಾಂಜು ಎತ್ತಿ ಹಿಡಿದು ದಡಕ್ಕೆ ಓಡಿದ. ಉಬ್ಬರ ಬಂದಿತ್ತು. ಶೇಲಿ ಹಾಯಿ ಮಡಿಸಿ ಕೂತಿದ್ದ.

“ತಮ್ಮನ್ನ ಕರ್ಕೊಂಡೋದ್ರೆ ಊರೋರು ನನ್ನ ಸುಮ್ನೆ ಬಿಡ್ತಾರಾ? ಬಿ ಜೋಖಾ ಕರೀತಿದ್ದಾರೆ, ಹೋಗ್ಬನ್ನಿ.”

ಚೂವೊದೊಳಗೆ ಮುದುಕಿ ಒಂದು ಮರದ ಹಲಗೆ ಹಿಡಿದು ಕಾದಿದ್ದಳು. ಹಲಗೆಯ ಮೇಲೆ ಒಂದೇ ಅರಬ್ಬಿ ಅಕ್ಷರ.

“ಇದು ಯಾವ್ದು?”

“...ಬೇ?”

“ತೇ,” ಎಂದಳು. “ಎಡದಿಂದ ಬಲಕ್ಕೆ ಅರಬ್ಬಿ ಓದಿದ್ದನ್ನ ಈ ವಯಸ್ಸಲ್ಲಿ ನೋಡೋ ಹಾಗಾಯ್ತು.”

ನಸೋರೊ ಕುಸಿದು ಕೂತ. “ನಿಮಗೆ ಕಣ್ಣು ಮಂಜಲ್ವಾ ಅಜ್ಜಿ?”

“ಮೂವತ್ತು ವರ್ಷದ ಹಿಂದೇನೇ ಓದಿದೀನಿ ಆ ಕಲ್ಲನ್ನ. ಅದ್ರಲ್ಲಿ ಹೆಸರೇ ಇದೆ. ಮಕಾಮೆ ಮನೆತನದೋರು. ನಮ್ಮೋರಲ್ಲ.” ಅವಳು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. “ನನ್ ತಮ್ಮ ಪ್ರತಿ ಶುಕ್ರವಾರ ಹೋಗಿ ಅದಕ್ಕೆ ಗುಲಾಬಿ ನೀರು ಚಿಮುಕಿಸಿ ‘ಅಜ್ಜಾ’ ಅಂತಿದ್ದ. ಯಾವ ಬಾಯಲ್ಲಿ ಹೇಳ್ಲಿ?” ಎಂದವಳೇ, ಆ ದಿನ ಮೊದಲ ಸಲ ಅತ್ತಳು.

ಇದೆಲ್ಲ ನನಗೆ ಹೇಗೆ ಗೊತ್ತೆಂದು ಕೇಳಬೇಡಿ. ಚೂವೊದ ಗೋಡೆ ತೆಂಗಿನ ಗರಿಯದು, ನನ್ನ ಮನೆ ಪಕ್ಕದ್ದು. ನಾನೂ ಯಾರಿಗೂ ಹೇಳಿಲ್ಲ.

ನಸೋರೊ ಮೆಲ್ಲಗೆ ಎದ್ದ. “ಹಾಗಾದ್ರೆ ಎಲ್ಲಾ ಒಳ್ಳೇದೇ ಆಯ್ತಲ್ಲ ಅಜ್ಜಿ. ನಾನಿನ್ನು ಬರ್ಲಾ?”

“ಕೂತ್ಕೋ. ನಾನು ಸುಮ್ನಿದ್ದು ಸುಳ್ಳು ಹೇಳ್ದೆ, ನೀನು ಬಾಯ್ಬಿಟ್ಟು ಹೇಳ್ದೆ. ಆ ಕಲ್ಲಲ್ಲಿರೋನ ಹೆಸರು ನಾಳೆ ನಾನು ಸತ್ಮೇಲೆ ಓದೋಕೆ ಒಬ್ರಾದ್ರೂ ಬೇಡ್ವಾ? ಅದನ್ನ ಓದೋವರ್ಗೂ ನೀನು ದೋಣಿ ಹತ್ತೋ ಹಾಗಿಲ್ಲ. ರಜ ಎಷ್ಟು ದಿನ?”

“ಮೂರು ವಾರ,” ಎಂದ, ಅಳು ದನಿಯಲ್ಲಿ.

ಬಿ ಜೋಖಾ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದಳು. “ಇವರು ರಜ ಮುಗಿಯೋವರ್ಗೂ ನಮ್ಮ ಚೂವೊದಲ್ಲೇ ಇರ್ತಾರಂತೆ,” ಎಂದು ಆಗಷ್ಟೇ ಬಂದು ನೆರೆದವರಿಗೆ ಹೇಳಿ, ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡಳು. ಊರಿಗೆ ಊರೇ ಸಂತೋಷದಿಂದ ಗೋಡೆಯಾಚೆ ಕೂತಿತು.

ಒಳಗೆ ಚಾಪೆಯ ಕೊನೆಯಲ್ಲಿ, ಹಲ್ಲು ಬಿದ್ದ ಹುಡುಗಿಯೊಬ್ಬಳ ಪಕ್ಕದಲ್ಲಿ, ನಸೋರೊ ಗಂಟಲು ಹರಿಯುವಂತೆ ಅಲಿಫ್, ಬೇ, ತೇ ಎನ್ನುತ್ತಿದ್ದ. ಸಮುದ್ರ ನೂರು ಹೆಜ್ಜೆ ದೂರದಲ್ಲಿ ಮೊರೆಯುತ್ತಿತ್ತು.

“ಎಂಥಾ ದೊಡ್ಡೋರು ನೋಡ್ರೋ,” ಎಂದ ಮಕಾಮೆ. “ಮಕ್ಕಳ ಮಧ್ಯೆ ಮಗುವಾಗಿ ಕೂತು ಹೇಳ್ಕೊಡ್ತಿದ್ದಾರೆ.”

“ನನಗೆ ದೋಣೀಲೇ ಹೇಳಿದ್ರು, ಚೂವೊದೋನು ಅಂತ,” ಎಂದ ಶೇಲಿ, ಹೆಮ್ಮೆಯಿಂದ. “ಸುಳ್ಳು ಹೇಳೋ ಮನುಷ್ಯ ಅಲ್ಲ.”