ನನ್ನ ಮಾತಿಗೆ ಸಾಲದ ಪವರ್ ಸಪ್ಲೈ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಎದುರಿಗೆ ಎರಡು ಅಂಕಿಗಳಿದ್ದರೆ ತನ್ನ ಪಕ್ಷಕ್ಕೆ ಒದಗುವುದನ್ನು ಮಾತ್ರ ಅವನು ಓದುತ್ತಾನೆ. ಈ ಅಭ್ಯಾಸ ನನಗೆ ಹಲವು ಪಾರಿತೋಷಕಗಳನ್ನು ತಂದುಕೊಟ್ಟಿದೆ. ಹವ್ಯಾಸಿ ರೇಡಿಯೊದಲ್ಲಿ ಮಾತ್ರ ಬೇರೆಯೇ ಒಂದನ್ನು ತಂದಿತು.

ಗದಗ ಹೊಸ ಜಿಲ್ಲೆಯಾದ ಹೊಸತು. ಹೊಸ ಜಿಲ್ಲೆಗೆ ಕಚೇರಿಗಳ ಫಲಕಗಳಷ್ಟೇ ಸಾಲವು, ತನ್ನದೇ ಆದ ಧ್ವನಿಯೂ ಬೇಕೆಂಬುದು ನನ್ನ ದೃಢ ನಂಬಿಕೆಯಾಗಿತ್ತು. ತುಂಗಭದ್ರೆ ಉಕ್ಕಿ ಟೆಲಿಫೋನ್ ತಂತಿ ಕಡಿದರೆ ಮುಂಡರಗಿ ಕಡೆಯ ಹೊಳೆದಂಡೆಯ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವವರು ಯಾರು? ಹವ್ಯಾಸಿ ರೇಡಿಯೊದವರಾದ ನಾವೇ ಮುಟ್ಟಿಸುತ್ತೇವೆ ಎಂದು ಅರ್ಜಿ ಹಾಕಿದೆ. ಮುಂಡರಗಿಯ ತಹಶೀಲ್ದಾರರು, ನಿಮ್ಮ ಮಾತು ಇಲ್ಲಿಗೆ ಮುಟ್ಟಿದ್ದನ್ನು ನಾನೇ ಕೇಳಬೇಕು, ಆಮೇಲೆ ಒಪ್ಪಿಗೆ ಎಂದರು. ನಾನಿರುವ ಗದಗಿಗೂ ಮುಂಡರಗಿಗೂ ನಡುವೆ ಕಪ್ಪತಗುಡ್ಡ ಅಡ್ಡಲಾಗಿ ಕೂತಿದೆ. ಪುಟ್ಟ ರೇಡಿಯೊದ ದನಿ ಅದನ್ನು ದಾಟದು; ಆದ್ದರಿಂದ ಆಂಪ್ಲಿಫಯರ್ ತರಿಸಿದೆ.

ಆಂಪ್ಲಿಫಯರ್ ಎಂಬುದು ಹೊಸ ಅಳಿಯನಂತೆ. ಬಂದ ಮೇಲೆ ಅದರ ಹಸಿವಿಗೆ ತಕ್ಕಂತೆ ಬಡಿಸಬೇಕು. ನನ್ನ ಬಳಿಯಿದ್ದ ಪವರ್ ಸಪ್ಲೈ ಡಬ್ಬಿಯ ಮೇಲೆ ಎರಡು ಅಂಕಿಗಳಿದ್ದವು. ದೊಡ್ಡದು, ಅದು ಕ್ಷಣಕಾಲ ಕೊಡಬಲ್ಲ ಕರೆಂಟು. ಚಿಕ್ಕದು, ನಿಲ್ಲದೆ ಕೊಡಬಲ್ಲದ್ದು. ನಾನು ದೊಡ್ಡದನ್ನು ಹಿಡಿದೆ. ಮುಂಡರಗಿಯಲ್ಲಿ ಅರಿವೆ ಅಂಗಡಿ ಇಟ್ಟಿರುವ ನನ್ನ ರೇಡಿಯೊ ಗೆಳೆಯ ಮೆಹಬೂಬಸಾಬರು ಆಗಲೇ ತಕರಾರು ತೆಗೆದರು.

“ಸರ, ಸಣ್ಣ ಅಂಕಿ ಹಿಡೀರಿ. ದೊಡ್ಡದು ಬರೇ ತೋರ್ಸಾಕ ಇರತೈತಿ.”

ನಾನು ಪೀಠಿಕೆ, ಪ್ರತಿಪಾದನೆ, ಖಂಡನೆ, ಉಪಸಂಹಾರಗಳೊಡನೆ ಉತ್ತರಿಸಿದೆ. ಅವರು ಸಮಾಧಾನದಿಂದ ಕೇಳಿ, “ಆತ್ರಿ ಸರ, ನೀವು ಗೆದ್ರಿ. ಇದನ್ನ ಒಮ್ಮೆ ಆ ಡಬ್ಬಿಗೂ ಹೇಳ್ರಿ,” ಎಂದರು.

ಆದರೆ ಪರೀಕ್ಷೆ ನನ್ನ ಪರವಾಗಿತ್ತು. ದಿನವೂ ಸಂಜೆ “ಕೇಳಾಕತ್ತೈತೇನ್ರಿ?” ಎಂದು ನಾನು, “ಚೊಲೋ ಕೇಳಾಕತ್ತೈತ್ರಿ” ಎಂದು ಅವರು. ಡಬ್ಬಿ ಬೆಚ್ಚಗೂ ಆಗುತ್ತಿರಲಿಲ್ಲ. ನನ್ನ ಹೆಂಡತಿ ಶಾಂತಾ ಮಾತ್ರ ಅಡುಗೆಮನೆಯಿಂದಲೇ, “ಇಷ್ಟ ಮಾತಾಡಿ ಸುಮ್ನಾಗೋರು ಖರೇನ ನೀವಾ? ತಹಶೀಲ್ದಾರ್ರು ಕೇಳೋ ದಿನ ಭಾಷಣಾನೂ ಇಷ್ಟ ಇರತೈತೇನು?” ಎಂದು ಕೇಳಿದಳು. ವಿಷಯಾಂತರ ಎಂದು ಅದನ್ನು ತಳ್ಳಿಹಾಕಿದೆ.

ತಹಶೀಲ್ದಾರರು ಮುಂಡರಗಿಯಲ್ಲಿ ಮೆಹಬೂಬಸಾಬರ ರೇಡಿಯೊ ಮುಂದೆ ಕೇಳಲು ಕೂತ ದಿನ ಗದಗಿನ ಸಭಾಭವನ ತುಂಬಿತ್ತು. ಮೈಕಿನ ಗುಂಡಿ ಒತ್ತಿ ಆರಂಭಿಸಿದೆ: “ಇದು ಗದಗ. ನೂತನ ಜಿಲ್ಲೆಯ ಬಂಧುಗಳಿಗೆ ನಮಸ್ಕಾರ. ಆಪತ್ತಿನಲ್ಲಿ ನೀವು ಒಂಟಿಯಲ್ಲ.” ಇನ್ನು ಪೀಠಿಕೆಗೆ ಇಳಿಯಬೇಕು, ಅಷ್ಟರಲ್ಲಿ ಪವರ್ ಸಪ್ಲೈ ಡಬ್ಬಿ ಕಾದು ಟಕ್ ಎಂದಿತು. ದೀಪ ಆರಿತು, ಮೀಟರಿನ ಮುಳ್ಳು ಸೊನ್ನೆಗೆ ಮಲಗಿತು. ಎದುರಿನ ಸಭಿಕರಿಗೆ ನನ್ನ ಬಾಯಿಯ ಮಾತೇ ಕೇಳುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಸತ್ತ ರೇಡಿಯೊ ಹಿಡಿದು ಉಪಸಂಹಾರದವರೆಗೂ ಮಾತಾಡಿದೆ. ಒಳಗೊಳಗೆ ಹೊಳೆದಂಡೆಯ ಹಳ್ಳಿಗಳು ನನ್ನ ಕೈತಪ್ಪಿ ಹೋಗುತ್ತಿದ್ದವು.

ಡಬ್ಬಿ ತಣ್ಣಗಾಗಿ ದೀಪ ಮತ್ತೆ ಹತ್ತಿದಾಗ ಮೆಹಬೂಬಸಾಬರ ದನಿ ಬಂತು. “ಸರ, ಮೂರೂ ಮಾತು ಗಂಟಿ ಹೊಡದಂಗ ಕೇಳಿದ್ವು. ತಹಶೀಲ್ದಾರ ಸಾಹೇಬ್ರು ಭಾಳ ಖುಷಿ ಆಗ್ಯಾರ. ಹೊಳಿ ಬಂದಾಗ ಹಿಂಗ ಚುಟುಕ ಮಾತಾಡೋರ ಬೇಕು ಅಂತ ಒಪ್ಪಿಗಿ ಕೊಟ್ರು. ನೀವ ಎಲ್ಲಾರಿಗೂ ಕಲಿಸಬೇಕಂತ.”

ಕಪ್ಪತಗುಡ್ಡವನ್ನು ದಾಟಿದ ಆ ಮೂರು ವಾಕ್ಯಗಳ ಬಗ್ಗೆ ನನಗಿರುವ ಹೆಮ್ಮೆ ಇಂದಿಗೂ ಕುಂದಿಲ್ಲ. ಈಗ ನಾನು ಶಿರಹಟ್ಟಿ, ಲಕ್ಷ್ಮೇಶ್ವರಗಳ ಸ್ವಯಂಸೇವಕರಿಗೂ ಮಿತಭಾಷಣದ ಮಹತ್ವವನ್ನು ಬೋಧಿಸುತ್ತೇನೆ. ವಿಷಯ ಗಹನವಾದ್ದರಿಂದ ಬೆಳಗ್ಗೆ ಆರಂಭಿಸಿದರೆ ಊಟದ ಹೊತ್ತಿಗೆ ಪೀಠಿಕೆ ಮುಗಿಯುತ್ತದೆ.